ಅಪ್‌ಡೇಟ್: ಎರಡು ತಲೆಮಾರಿನ ಚಿಪ್‌ಗೆ ಒಂದೇ ಡ್ರೈವರ್

ಮೊದಲು ಕೇಳಿದ್ದು ಇದು: ನಮ್ಮ ಸೆನ್ಸರ್ ಚಿಪ್‌ನ ಹಳೇ ತಲೆಮಾರಿನಲ್ಲಿ ಗೇನ್ ಫೀಲ್ಡ್ (ಸಿಗ್ನಲ್ ಎಷ್ಟು ಹಿಗ್ಗಬೇಕು ಅನ್ನುವ ಬಿಟ್‌ಗಳ ಗುಂಪು) ಒಂದು ರೆಜಿಸ್ಟರ್‌ನ (ಚಿಪ್‌ನೊಳಗೆ ಸೆಟ್ಟಿಂಗ್ ಕೂರುವ ಜಾಗ) 4ರಿಂದ 6ನೇ ಬಿಟ್. ಹೊಸದರಲ್ಲಿ ಬೇರೆ ರೆಜಿಸ್ಟರ್, 8ರಿಂದ 11. ಲಿನಕ್ಸ್ ಡ್ರೈವರ್ ತುಂಬ ಇಫ್-ಎಲ್ಸ್ ತುಂಬದೆ ಹೇಗೆ ಬರೆಯುವುದು? ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಹಳೇ ಬೋರ್ಡ್‌ಗಳು ಇನ್ನೂ ಓಡುತ್ತಿವೆ, ಅವನ್ನು ಕೈಬಿಡುವ ಹಾಗಿಲ್ಲ.

ರೆಜಿಸ್ಟರ್ ಓದಲು, ಬರೆಯಲು ಲಿನಕ್ಸ್‌ನಲ್ಲಿರುವ ರೆಗ್‌ಮ್ಯಾಪ್‌ನ ರೆಗ್‌_ಫೀಲ್ಡ್ (ಫೀಲ್ಡ್ ಎಲ್ಲಿದೆ ಅಂತ ಹೇಳುವ ಸ್ಟ್ರಕ್ಟ್) ಹಿಡಿದೆ, ಕೆಲಸ ಆಯಿತು. ತಲೆಮಾರಿಗೊಂದು ಟೇಬಲ್: ರೆಜಿಸ್ಟರ್ ವಿಳಾಸ, ಕೆಳಗಿನ ಬಿಟ್, ಮೇಲಿನ ಬಿಟ್, ಅಷ್ಟೇ. ಡಿವೈಸ್ ಟ್ರೀಯ (ಬೋರ್ಡ್‌ನಲ್ಲಿ ಏನೇನಿದೆ ಅನ್ನುವ ವಿವರಣೆ) ಕಂಪ್ಯಾಟಿಬಲ್, ಅಂದರೆ ಚಿಪ್‌ನ ಹೆಸರು, ನೋಡಿ ಪ್ರೋಬ್‌ನಲ್ಲೇ (ಡ್ರೈವರ್ ಚಿಪ್‌ಗೆ ಜೋಡಿಯಾಗುವ ಹೊತ್ತು) ಸರಿಯಾದ ಟೇಬಲ್ ಆರಿಸುತ್ತೇವೆ. ಉಳಿದ ಕೋಡ್‌ಗೆ ಯಾವ ಚಿಪ್ ಅನ್ನುವುದೇ ಬೇಡ.

'ಫೀಲ್ಡ್‌_ಪ್ರೆಪ್ ಮ್ಯಾಕ್ರೋ ಸಾಕಲ್ವಾ' ಅಂತ ಕೆಲವರು ಅಂದಿದ್ದರು. ಬೆಲೆಯನ್ನು ಫೀಲ್ಡ್‌ನ ಜಾಗಕ್ಕೆ ಸರಿಸುವ, ದೊಡ್ಡಕ್ಷರದ (FIELD_PREP) ಆ ಮ್ಯಾಕ್ರೋಗೆ ಮಾಸ್ಕ್ (ಯಾವ ಬಿಟ್‌ಗಳು ಅನ್ನುವ ಗುರುತು) ಕಂಪೈಲ್ ಹೊತ್ತಿಗೇ ಗೊತ್ತಿರಬೇಕು. ಟೇಬಲ್‌ನಿಂದ ಬರುವ ಮಾಸ್ಕ್ ಕೊಟ್ಟರೆ ಬಿಲ್ಡ್ ಆಗುವುದಿಲ್ಲ. ಸಿ ಭಾಷೆಯ ಬಿಟ್‌ಫೀಲ್ಡ್ ಸ್ಟ್ರಕ್ಟ್ ಅಂತೂ ಬೇಡವೇ ಬೇಡ, ಬಿಟ್‌ಗಳ ಕ್ರಮ ಕಂಪೈಲರ್ ಇಷ್ಟ.

ಇದನ್ನು ಬಳಸುವವರು ಒಂದು ನೋಡಿಕೊಳ್ಳಿ. ಫೀಲ್ಡ್‌ಗಿಂತ ದೊಡ್ಡ ಬೆಲೆ ಬರೆದರೆ ರೆಗ್‌ಮ್ಯಾಪ್ ದೂರುವುದಿಲ್ಲ, ಸುಮ್ನೆ ಕತ್ತರಿಸುತ್ತದೆ. ಹಳೇ ಚಿಪ್‌ನ 3 ಬಿಟ್‌ಗೆ 9 (ಬೈನರಿಯಲ್ಲಿ 1001) ಬರೆದರೆ ಕೆಳಗಿನ ಮೂರು ಬಿಟ್ ಮಾತ್ರ ಉಳಿದು ಕೂರುವುದು 1. ಹಾಗಾಗಿ ಗರಿಷ್ಠ ಗೇನ್ ಕೂಡ ಪ್ರತಿ ತಲೆಮಾರಿನ ಡೇಟಾದಲ್ಲಿಟ್ಟು, ಬರೆಯುವ ಮುಂಚೆಯೇ ತಪಾಸಣೆ ಮಾಡುತ್ತಿದ್ದೇವೆ.