ಹದಿನಾಲ್ಕು ದಿನ, ಒಂಬತ್ತು ಊರು: ನಮ್ಮ ಮನೆ ಗುಂಪಿನ ಒಂದು ಫಾರ್ವರ್ಡ್

“ಚೀನಾಕ್ಕೆ ಇನ್ನು ವೀಸಾ ಬೇಡ!! 10 ದಿನ ಪೂರ್ತಿ ಉಚಿತ. 14 ದಿನದಲ್ಲಿ 9 ಊರು. ಬೀಜಿಂಗ್, ಹಾರ್ಬಿನ್, ಶಿಯಾನ್, ಚೆಂಗ್ಡು, ಲ್ಹಾಸಾ, ಗುಯಿಲಿನ್, ಝಾಂಗ್‌ಜಿಯಾಜಿಯೆ, ಗುವಾಂಗ್‌ಝೌ, ಶಾಂಘೈ. ಎಲ್ಲಾ ಬುಲೆಟ್ ರೈಲಿನಲ್ಲಿ. ವೀಸಾಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ. ಎಲ್ಲರಿಗೂ ಕಳಿಸಿ.”

ಇದನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪು ‘ಹಳೇಮನೆ ಬಳಗ’ಕ್ಕೆ ಹಾಕಿದ್ದು ಶಾರದತ್ತೆ. ಕೆಳಗೆ ಅವರದೇ ಒಂದು ಸಾಲು: “ಪುಟ್ಟಿ, ವೀಸಾಕ್ಕೆ ಅಂತ ಯಾರಿಗೂ ದುಡ್ಡು ಕೊಡಬೇಡ. ಮೊದಲು ಇದನ್ನು ಓದು.”

ಪುಟ್ಟಿ ಅಂದರೆ ನಾನು. ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ನಾನು ಏಪ್ರಿಲ್‌ನಲ್ಲಿ ಎರಡು ವಾರ ಚೀನಾಕ್ಕೆ ಹೊರಟಿರುವುದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಒಂದು ತಿಂಗಳಿಂದ ಯಾರೂ ಏನೂ ಕೇಳಿರಲಿಲ್ಲ. ಈ ಫಾರ್ವರ್ಡ್ ಬಿದ್ದದ್ದೇ ತಡ, ಎಲ್ಲರಿಗೂ ಮಾತು ಬಂತು.

ರವಿ ಅಣ್ಣ: ಇದಕ್ಕೆ ಮೂಲ ಎಲ್ಲಿ? ಲಿಂಕ್ ಹಾಕಿ ಅತ್ತೆ.

ಶಾರದತ್ತೆ: ಎಲ್ಲದಕ್ಕೂ ಲಿಂಕ್ ಕೇಳ್ತೀಯಲ್ಲ ರವಿ. ನಿನಗೆ ಹೆಣ್ಣು ಹುಡುಕಿಕೊಟ್ಟವಳು ನಾನೇ. ಆವತ್ತು ಕೇಳಿದ್ಯಾ ಲಿಂಕು?

ಗಿರಿ: 😂😂

ರವಿ ಅಣ್ಣ: ಮೆಸೇಜಿನ ಕೊನೆಯಲ್ಲಿ ಒಂದು ಫೋನ್ ನಂಬರ್ ಇದೆ. ಯಾರಾದರೂ ನೋಡಿದಿರಾ? ಅದು ಅತ್ತೆಯ ಪಕ್ಕದ ಬೀದಿಯ ಟ್ರಾವೆಲ್ಸ್‌ನವನದು. ಕಾಶಿಗೆ ಹೋದಾಗಲೂ ಇವನೇ.

ಶಾರದತ್ತೆ: ಅವನದ್ದಾದರೆ ಏನಾಯಿತು? ಪಾಪ, ಒಳ್ಳೆಯ ಹುಡುಗ. ಕಾಶಿ ಅಂದಮೇಲೆ ಹೇಳ್ತೀನಿ ಕೇಳು. ಮಂಡಿ ನೋವು ಅಂತ ಗೊತ್ತಿದ್ದೂ ನನಗೆ ಮೇಲಿನ ಬರ್ತ್ ಬರೆಸಿದ್ದು ಅವನಲ್ಲ, ನೀನು.

ರವಿ ಅಣ್ಣ: ಅತ್ತೆ, ಅದು ರೈಲ್ವೆಯ ಕಂಪ್ಯೂಟರ್ ಕೊಟ್ಟದ್ದು. ನಾನು ಕೇಳಿದ್ದು ಕೆಳಗಿನದೇ.

ಶಾರದತ್ತೆ: ನಿನ್ನ ಹೆಂಡತಿಗೆ ಮಾತ್ರ ಕಂಪ್ಯೂಟರ್ ಕೆಳಗಿನದು ಕೊಡ್ತಾ?

ಚರ್ಚೆ ಚೀನಾ ಬಿಟ್ಟು ಕಾಶಿ ದಾರಿಯ ಮೊಘಲ್‌ಸರಾಯಿಗೆ ಹೋಗಿ ಮುಟ್ಟುವ ಮೊದಲೇ ನಾನು ವೀಸಾದ ಮಾತನ್ನು ಮುಗಿಸಬೇಕಿತ್ತು. ಚಿಕ್ಕಮ್ಮ ಆಗಲೇ ಬೇರೆಯಾಗಿ ಫೋನ್ ಮಾಡಿ “ಹಾಗಾದರೆ ಅರ್ಜಿ ನಿಲ್ಲಿಸೋಣವಾ?” ಎಂದು ಕೇಳಿಯಾಗಿತ್ತು. ಒಂದು ತಪ್ಪು ಫಾರ್ವರ್ಡ್‌ನಿಂದ ಆಗುವ ನಷ್ಟ ಇದು. ಹಾಗಾಗಿ ಉದ್ದವಾಗಿಯೇ ಬರೆದೆ.

ನಾನು: ಎಲ್ಲರೂ ಒಂದು ನಿಮಿಷ ಓದಿ. ಚೀನಾದಲ್ಲಿ 240 ಗಂಟೆ ವೀಸಾ ಇಲ್ಲದೆ ಇರಬಹುದು ಎನ್ನುವ ನಿಯಮ ನಿಜವಾಗಿಯೂ ಇದೆ. 2024ರ ಡಿಸೆಂಬರ್‌ನಲ್ಲಿ 144 ಗಂಟೆ ಇದ್ದದ್ದನ್ನು 240ಕ್ಕೆ ಏರಿಸಿದರು. ಆದರೆ ಅದು ಪಟ್ಟಿಯಲ್ಲಿರುವ ದೇಶಗಳವರಿಗೆ ಮಾತ್ರ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಪಟ್ಟಿಯಲ್ಲಿರುವವರೂ ಒಂದು ದೇಶದಿಂದ ಬಂದು ಬೇರೊಂದು ದೇಶಕ್ಕೆ ಹೋಗುವ ದಾರಿಯಲ್ಲಿರಬೇಕು. ಬಂದಲ್ಲಿಗೇ ವಾಪಸ್ ಹೋಗುವವರಿಗೆ ಇದು ಸಿಗಲ್ಲ. ಇನ್ನೊಂದು ವಿಷಯ, 240 ಗಂಟೆ ಅಂದರೆ 10 ದಿನ. ಮೆಸೇಜಿನಲ್ಲಿರುವ ಪ್ರವಾಸ 14 ದಿನದ್ದು. ಉಳಿದ ನಾಲ್ಕು ದಿನ ಏನು ಮಾಡ್ತಾರಂತೆ? ನಮಗೆ ವೀಸಾ ಬೇಕೇ ಬೇಕು.

ಇಷ್ಟು ಬರೆದದ್ದಕ್ಕೆ ಬಂದದ್ದು ಎರಡು ಹೆಬ್ಬೆಟ್ಟು. ಅದರಲ್ಲಿ ಒಂದು ಅಮ್ಮನದು.

ಗಿರಿ: ಕಾಶಿ ಅಂದ ತಕ್ಷಣ ನೆನಪಾಯ್ತು. ಚಿಕ್ಕವರಿದ್ದಾಗ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಡೆಲ್ಲಿಗೆ ಹೋಗಿದ್ದೆವಲ್ಲ! ಅಜ್ಜಿ ಮೊದಲ ದಿನಕ್ಕೆ ಚಿತ್ರಾನ್ನ, ಎರಡನೇ ದಿನಕ್ಕೆ ಚಪಾತಿ ಮತ್ತು ಒಣ ಪಲ್ಯ, ಕಾಯಿ ಹಾಕದ ಚಟ್ನಿಪುಡಿ ಕಟ್ಟಿದ್ದರು. ಹಿತ್ತಾಳೆ ಕೂಜದಲ್ಲಿ ನೀರು. ಭೋಪಾಲ್ ಹತ್ತಿರ ಕೂಜ ಉರುಳಿ ಯಾರದೋ ಹಾಸಿಗೆ ಪೂರ್ತಿ ಒದ್ದೆ.

ಚಿಕ್ಕಮ್ಮ: ಅದು ಇಟಾರ್ಸಿ.

ಗಿರಿ: ಭೋಪಾಲೇ, ಅತ್ತೆ.

ಚಿಕ್ಕಮ್ಮ: ಇಟಾರ್ಸಿ ಕಣೋ. ಒದ್ದೆಯಾದ ಹಾಸಿಗೆ ನನ್ನದೇ. ನನಗೆ ಗೊತ್ತಿಲ್ವಾ?

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಈಗಿನವರಿಗೆ ಪರದೇಶದ ಹುಚ್ಚು. ಬಾದಾಮಿ ನೋಡಿದ್ದೀರಾ? ಐಹೊಳೆ ನೋಡಿದ್ದೀರಾ? ಮನೆಯ ಹಿತ್ತಲು ನೋಡದವರು ಚೀನಾದ ಗೋಡೆ ನೋಡಿ ಏನು ಮಾಡ್ತೀರಿ. ನಮ್ಮ ಕಾಲದಲ್ಲಿ ಪ್ರವಾಸ ಎಂದರೆ ಹಿರಿಯರನ್ನು ಕೇಳಿ ಹೊರಡುತ್ತಿದ್ದೆವು.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು. ಅವರ ಈ ಮಾತು ಗುಂಪಿನಲ್ಲಿ ಯಾರೇ ಎಲ್ಲಿಗೇ ಹೊರಟರೂ ಬರುತ್ತದೆ. ಆದರೆ ಕೊನೆಯ ವಾಕ್ಯ ಹೊಸದು. ಅದನ್ನು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಶಾರದತ್ತೆ ಮತ್ತೆ ಬಂದರು.

ಶಾರದತ್ತೆ: ವೀಸಾ ಬೇಕಾದರೆ ಇರಲಿ ಬಿಡು. ಆದರೆ ಅವನು 9 ಊರು ತೋರಿಸ್ತಾನೆ, ನೀನು ಬರೀ 4 ಅಂತೆ. ಅಷ್ಟು ದೂರ ಹೋಗಿ ಅಷ್ಟೇನಾ?

ನಾನು: ಅತ್ತೆ, ಒಂಬತ್ತು ಊರು ಯಾವ ಲೆಕ್ಕದಲ್ಲೂ ಕೂರಲ್ಲ. ಪಟ್ಟಿಯ ಬೇರೆ ಯಾವ ಊರಿನಿಂದಲೂ ಲ್ಹಾಸಾಕ್ಕೆ ಬುಲೆಟ್ ರೈಲೇ ಇಲ್ಲ. ಬೀಜಿಂಗ್‌ನಿಂದ ಹೋಗುವ ರೈಲಿಗೆ ಸುಮಾರು 40 ಗಂಟೆ ಬೇಕು. ಟಿಬೆಟ್‌ಗೆ ವಿದೇಶಿಯರು ವೀಸಾ ಜೊತೆ ಬೇರೆ ಪರವಾನಗಿಯನ್ನೂ ಪಡೆಯಬೇಕು, ಅದೂ ಅಲ್ಲಿನ ಏಜೆನ್ಸಿ ಮೂಲಕವೇ. ಲ್ಹಾಸಾ ಇರುವುದು 3,600 ಮೀಟರಿಗಿಂತ ಎತ್ತರದಲ್ಲಿ. ಅಮ್ಮನಿಗೆ ಬಿ.ಪಿ. ಇದೆ. ಅವರನ್ನು ಅಲ್ಲಿಗೆ ಒಂದು ರಾತ್ರಿಗೆ ಹತ್ತಿಸಿ ಇಳಿಸೋದು ನನ್ನ ಕೈಲಿ ಆಗಲ್ಲ.

ನಾನು: ಊರು ಬದಲಿಸುವ ದಿನ ಹೇಗಿರುತ್ತೆ ಅಂತ ಯೋಚಿಸಿ. ಬೆಳಗ್ಗೆ ಎದ್ದು ನಾಲ್ಕು ಜನರ ಪೆಟ್ಟಿಗೆ ಕಟ್ಟಬೇಕು. ರೂಮು ಖಾಲಿ ಮಾಡಬೇಕು. ಅಲ್ಲಿನ ಸ್ಟೇಷನ್ ಅಂದರೆ ವಿಮಾನ ನಿಲ್ದಾಣದಷ್ಟು ದೊಡ್ಡದು. ಬ್ಯಾಗೆಲ್ಲ ತಪಾಸಣೆಗೆ ಹಾಕಬೇಕು, ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಬೇಕು. ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ. ಹಾಗಾಗಿ ಒಂದು ಗಂಟೆ ಮುಂಚೆ ಅಲ್ಲಿರಲೇಬೇಕು. ಇಳಿದ ಮೇಲೆ ಹೊಸ ಊರಿನಲ್ಲಿ ರೂಮು ಹುಡುಕಿ ಸೇರುವ ಹೊತ್ತಿಗೆ ಸಂಜೆ. ಆ ದಿನ ಹೋಯಿತು. ಒಂಬತ್ತು ಊರಿಗೆ ಇಂಥ ಎಂಟು ದಿನ ಹೋಗುತ್ತೆ. ವಿಮಾನದ ಎರಡು ದಿನ ತೆಗೆದರೆ ನೋಡಲು ಉಳಿಯುವುದು ನಾಲ್ಕು.

ಈ ಲೆಕ್ಕದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಚೀನಾ ದೊಡ್ಡ ದೇಶ. ಬೀಜಿಂಗ್‌ನಿಂದ ಶಾಂಘೈಗೆ ರೈಲು ದಾರಿ 1,318 ಕಿಲೋಮೀಟರ್. ರೈಲು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ ನಿಜ. ಹಾಗಂತ ದಿನಕ್ಕೊಂದು ಊರು ಎಂದರೆ ರೈಲು ನೋಡಿ ಬಂದ ಹಾಗಾಗುತ್ತದೆ, ಊರು ನೋಡಿದ ಹಾಗಲ್ಲ. ಪಟ್ಟಿ ಉದ್ದ ಇದ್ದಷ್ಟೂ ಲಾಭ ಅಂತ ನಂಬಿಸುವ ಇಂಥ ಪ್ಯಾಕೇಜ್ ಕಂಡರೆ ನನಗೆ ಸಿಟ್ಟು ಬರುತ್ತದೆ. ನಡೆಯಲಾಗದೆ ಬಸ್ಸಿನಲ್ಲೇ ಕೂತುಬಿಡುವುದು ಯಾವಾಗಲೂ ಅಮ್ಮನ ವಯಸ್ಸಿನವರೇ.

ಯೋಜನೆ ಏನೆಂದು ಗುಂಪಿಗೆ ಹಾಕಿದೆ. ಬೀಜಿಂಗ್‌ನಲ್ಲಿ ಇಳಿಯುವುದು, ಶಾಂಘೈನಿಂದ ವಾಪಸ್ ಹತ್ತುವುದು. ಬಂದ ದಾರಿಯನ್ನೇ ಮತ್ತೆ ತುಳಿಯುವ ಕೆಲಸ ಇಲ್ಲ. ನಡುವೆ ಶಿಯಾನ್ ಮತ್ತು ಚೆಂಗ್ಡು. ಮಹಾಗೋಡೆಗೆ ಮುಟಿಯಾನ್ಯು ಕಡೆಯಿಂದ, ಅಲ್ಲಿ ಕೇಬಲ್ ಕಾರ್ ಇದೆ. ಬೀಜಿಂಗ್ ಅರಮನೆ (ಫರ್ಬಿಡನ್ ಸಿಟಿ) ಸೋಮವಾರ ಮುಚ್ಚಿರುತ್ತದೆ, ಟಿಕೆಟ್ ಏಳು ದಿನ ಮೊದಲೇ ಪಾಸ್‌ಪೋರ್ಟ್ ನಂಬರ್ ಕೊಟ್ಟು ತೆಗೆಯಬೇಕು. ಶಿಯಾನ್‌ನಿಂದ ಚೆಂಗ್ಡುವಿಗೆ 2017ರ ಕೊನೆಗೆ ಶುರುವಾದ ವೇಗದ ರೈಲು, ಚಿನ್‌ಲಿಂಗ್ ಬೆಟ್ಟಗಳನ್ನು ಸುರಂಗಗಳಲ್ಲಿ ದಾಟಿ ನಾಲ್ಕು ಗಂಟೆಯೊಳಗೆ ತಲುಪುತ್ತದೆ. ಚೆಂಗ್ಡುವಿನಿಂದ ಶಾಂಘೈಗೆ ಮಾತ್ರ ವಿಮಾನ, ರೈಲಿಗಾದರೆ ಇಡೀ ದಿನ ಬೇಕು.

ಶಾರದತ್ತೆ: ಅತ್ತಿಗೆಗೆ ಕೆಳಗಿನ ಬರ್ತ್ ಹಾಕಿಸು.

ರವಿ ಅಣ್ಣ: ಆ ರೈಲಲ್ಲಿ ಬರ್ತ್ ಇರಲ್ಲ ಅತ್ತೆ. ಹಗಲು ರೈಲು, ಸೀಟು ಮಾತ್ರ.

ಶಾರದತ್ತೆ: ನೀನು ಸುಮ್ನಿರು.

ಅಮ್ಮ: ಊಟಕ್ಕೇನು ಮಾಡೋದು? ಅದೊಂದು ಹೇಳು.

ಅಮ್ಮ ಗುಂಪಿನಲ್ಲಿ ಬರೆಯುವುದೇ ಅಪರೂಪ. ಇಷ್ಟು ಹೊತ್ತಿನ ಜಗಳದಲ್ಲಿ ನಿಜವಾದ ಪ್ರಶ್ನೆ ಕೇಳಿದ್ದು ಇವರೊಬ್ಬರೇ.

ನಾನು: ಅಮ್ಮ, ಅಲ್ಲಿ ಬೌದ್ಧ ದೇವಸ್ಥಾನಗಳ ಹತ್ತಿರ ಸಸ್ಯಾಹಾರದ ಊಟದ ಮನೆಗಳಿವೆ. ಚೆಂಗ್ಡುವಿನ ವೆನ್‌ಶು ಮಠದಲ್ಲೇ ಒಂದಿದೆ. ಅವರ ಶುದ್ಧ ಮಡಿ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬೇರೆ ಹೋಟೆಲಿನಲ್ಲಿ ಹುಷಾರಾಗಿರಬೇಕು, ತರಕಾರಿ ಪಲ್ಯಕ್ಕೂ ಹಂದಿ ಕೊಚ್ಚಿ ಹಾಕಿರುತ್ತಾರೆ. ಅದಕ್ಕೇ ಚೀನೀ ಲಿಪಿಯಲ್ಲಿ ‘ಮಾಂಸ, ಮೀನು, ಮೊಟ್ಟೆ ಬೇಡ’ ಅಂತ ಬರೆದ ಚೀಟಿ ನಾಲ್ಕೂ ಜನರ ಪರ್ಸಿನಲ್ಲಿ ಇರುತ್ತೆ.

ನಾನು: ಇನ್ನೊಂದು ಒಳ್ಳೆ ವಿಷಯ. ಅಲ್ಲಿನ ರೈಲಿನ ಬೋಗಿಗಳಲ್ಲಿ, ಸ್ಟೇಷನ್ನುಗಳಲ್ಲಿ ಕುದಿಯುವ ನೀರಿನ ನಲ್ಲಿ ಇರುತ್ತೆ. ಅಲ್ಲಿಯವರೆಲ್ಲ ಫ್ಲಾಸ್ಕ್ ಹಿಡಿದುಕೊಂಡೇ ಓಡಾಡುತ್ತಾರೆ. ಒಗ್ಗರಣೆ ಹಾಕಿ ಒಣಗಿಸಿದ ಅವಲಕ್ಕಿ, ಉಪ್ಪಿಟ್ಟಿನ ಪುಡಿ, ಚಟ್ನಿಪುಡಿ ಇದ್ದರೆ ಬೆಳಗ್ಗಿನ ತಿಂಡಿ ಚಿಂತೆ ಇಲ್ಲ. ಹಣ್ಣು ಮಾತ್ರ ಗಡಿಯಲ್ಲಿ ಬಿಡಲ್ಲ.

ಚಿಕ್ಕಮ್ಮ: ಬಿಸಿನೀರು ಪುಕ್ಕಟೆ ಸಿಗುತ್ತಾ? ಹಾಗಾದರೆ ನಾನು ರೆಡಿ.

ಗಿರಿ: ವಾಟ್ಸಾಪ್ ಅಲ್ಲಿ ನಡೆಯಲ್ವಂತೆ. 14 ದಿನ ಗುಡ್ ಮಾರ್ನಿಂಗ್ ಬರಲ್ಲ ಹಾಗಾದರೆ.

ನಾನು: ಅಲ್ಲಿನ ವೈಫೈನಲ್ಲಿ ವಾಟ್ಸಾಪ್, ಗೂಗಲ್ ಎರಡೂ ಬರಲ್ಲ. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿದರೆ ಬರುತ್ತೆ. ಹಣ ಕೊಡೋಕೆ ಅಲಿಪೇ, ಅದಕ್ಕೆ 2023ರಿಂದ ವಿದೇಶಿ ಕಾರ್ಡ್ ಜೋಡಿಸಬಹುದು. ಇಲ್ಲಿಂದ ಹೊರಡುವ ಮೊದಲೇ ಜೋಡಿಸಬೇಕು.

ದೊಡ್ಡಪ್ಪ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಬಾದಾಮಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಚಕ್ರವರ್ತಿಯ ಸಮಾಧಿ ಕಾಯಲು ಹೂತಿಟ್ಟ ಶಿಯಾನ್‌ನ ಮಣ್ಣಿನ ಸೈನಿಕರು ಎಲ್ಲರಿಗೂ ಗೊತ್ತು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು. ಆದರೆ ನಾನು ಶಿಯಾನ್‌ಗೆ ಮೂರು ರಾತ್ರಿ ಇಟ್ಟದ್ದು ಅದಕ್ಕೊಂದಕ್ಕೇ ಅಲ್ಲ.

ನಾನು: ದೊಡ್ಡಪ್ಪ, ಹ್ಯೂಯೆನ್ ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ ಅಂತ ನನಗೆ ಹೇಳಿಕೊಟ್ಟವರು ನೀವೇ. ಅವನು ಭಾರತದಿಂದ ವಾಪಸ್ ಹೋಗಿ ಸೇರಿದ್ದು ಇದೇ ಶಿಯಾನ್‌ಗೆ, 645ರಲ್ಲಿ. ಆಗ ಅದರ ಹೆಸರು ಚಾಂಗ್‌ಆನ್. ಇಲ್ಲಿಂದ ಒಯ್ದ ಗ್ರಂಥಗಳನ್ನು ಇಡಲು 652ರಲ್ಲಿ ಮೊದಲು ಕಟ್ಟಿದ ಪಗೋಡ ಇವತ್ತಿಗೂ ಇದೆ. ಬಾದಾಮಿ ನೋಡಿದವರು ನೋಡಬೇಕಾದ ಜಾಗ ಅದು.

ಸ್ವಲ್ಪ ಹೊತ್ತು ‘ಟೈಪಿಂಗ್’ ಅಂತಲೇ ಬರುತ್ತಿತ್ತು.

ದೊಡ್ಡಪ್ಪ: ಸರಿಯಾಗಿ ಹೇಳಿದೆ. ಪುಲಕೇಶಿಯ ಸೇನಾಪತಿ ಸೋತರೆ ಅವನಿಗೆ ಹೆಣ್ಣುಡುಗೆ ಕೊಡುತ್ತಿದ್ದರೆಂದೂ, ಆನೆಗಳಿಗೆ ಮದ್ಯ ಕುಡಿಸಿ ಯುದ್ಧಕ್ಕೆ ಬಿಡುತ್ತಿದ್ದರೆಂದೂ ಅವನೇ ಬರೆದಿದ್ದಾನೆ. ಹರ್ಷನಿಗೂ ಈ ರಾಜ ಬಗ್ಗಲಿಲ್ಲ ಎಂದಿದ್ದಾನೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳುವುದೂ ಅದನ್ನೇ. ಇಬ್ಬರದೂ ಸಾಕ್ಷಿ ಹೊಂದುತ್ತದೆ. ರವಿ, ಮೂಲ ಎಂದರೆ ಇದು.

ದೊಡ್ಡಪ್ಪ: ಅದಿರಲಿ. ನಾನು ಕೇಳಿದ್ದು ಬಾದಾಮಿಯದ್ದಲ್ಲ. ಹಿರಿಯರನ್ನು ಕೇಳಿ ದಿನ ಇಟ್ಟಿರಾ ಅಂತ. ಏಪ್ರಿಲ್ 8ಕ್ಕೆ ಹೊರಡುತ್ತೀರಂತೆ. ಆ ವಾರ ಅಪ್ಪನ ತಿಥಿ.

ಗುಂಪು ಒಂದೇ ಸಲ ಸುಮ್ಮನಾಯಿತು. ದಿನ ಗೊತ್ತು ಮಾಡಿದ್ದು ಚಿಕ್ಕಪ್ಪ, ಅವರ ಆಫೀಸಿನ ರಜೆ ನೋಡಿಕೊಂಡು. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅಜ್ಜನ ತಿಥಿ ವರ್ಷವರ್ಷವೂ ಹಿಂದೆಮುಂದೆ ಆಗುತ್ತದೆ. ದೊಡ್ಡಪ್ಪ ಪಂಚಾಂಗ ನೋಡಿ, ತಮ್ಮನೇ ಫೋನ್ ಮಾಡಲಿ ಎಂದು ಕಾದಿದ್ದರು. ಕಾಯುತ್ತಾ ಕಾಯುತ್ತಾ ಬಾದಾಮಿ, ಐಹೊಳೆ, ಹಿತ್ತಲು ಎಲ್ಲಾ ಬಂದಿತ್ತು.

ಚಿಕ್ಕಪ್ಪ: ಅಣ್ಣ, ನನಗೆ ಹೊಳೆಯಲೇ ಇಲ್ಲ. ಮೊದಲೇ ಒಂದು ಮಾತು ಹೇಳಬಾರದಿತ್ತಾ?

ದೊಡ್ಡಪ್ಪ: ಹೇಳಬೇಕಾದವನು ನಾನಾ?

ಶಾರದತ್ತೆ: ಅಣ್ಣ, ಬಿಡು. ಅಪ್ಪನ ವಿಷಯದಲ್ಲಿ ಗುಂಪಲ್ಲಿ ಜಗಳ ಬೇಡ.

ನಾನು: ದೊಡ್ಡಪ್ಪ, ಇನ್ನೂ ವೀಸಾ ಅರ್ಜಿ ಹಾಕಿಲ್ಲ, ವಿಮಾನದ ಟಿಕೆಟ್ ತೆಗೆದಿಲ್ಲ. ಏಪ್ರಿಲ್ 15ಕ್ಕೆ ಹೊರಟು 28ಕ್ಕೆ ಬರುತ್ತೇವೆ. ಅದಕ್ಕಿಂತ ಮುಂದೆ ಹೋಗೋಕೆ ಆಗಲ್ಲ. ಮೇ 1ರ ಕಾರ್ಮಿಕರ ದಿನಕ್ಕೆ ಚೀನಾಕ್ಕೆ ಚೀನಾವೇ ಊರು ಬಿಟ್ಟು ಹೊರಡುತ್ತೆ, ರೈಲಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಚಿಕ್ಕಪ್ಪ, ರಜೆ ಬದಲಾಗುತ್ತಾ ಕೇಳಿ.

ಚಿಕ್ಕಪ್ಪ: ನಾಳೆ ಕೇಳಿ ಹೇಳ್ತೀನಿ. ಆಗುತ್ತೆ.

ದೊಡ್ಡಪ್ಪ: ತಿಥಿಗೆ ಹಿಂದಿನ ದಿನ ರಾತ್ರಿಯೇ ಬಂದುಬಿಡಿ.

ರವಿ ಅಣ್ಣ: ಅತ್ತೆ, ಆ ಫಾರ್ವರ್ಡ್ ಡಿಲೀಟ್ ಮಾಡ್ತೀರಾ ಈಗ?

ಶಾರದತ್ತೆ: ಇನ್ನೂ ನಾಲ್ಕು ಗುಂಪಿಗೆ ಹೋಗಿದೆ. ಎಲ್ಲಿ ಅಂತ ಅಳಿಸಲಿ.

ಗಿರಿ: ಆ ಕೂಜ ಈಗ ಯಾರ ಮನೆಯಲ್ಲಿದೆ?

ಚಿಕ್ಕಪ್ಪನಿಗೆ ಬೇರೆಯಾಗಿ ಮೆಸೇಜ್ ಹಾಕಿದೆ. ಅವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಅಜ್ಜನ ಹೆಸರು ಬರೀ ಇನಿಷಿಯಲ್ ಆಗಿ ಉಳಿದಿದೆ. ರೈಲು, ವಿಮಾನ, ಅರಮನೆ ಎಲ್ಲಾ ಟಿಕೆಟಿನಲ್ಲೂ ಹೆಸರು ಪಾಸ್‌ಪೋರ್ಟಿನಂತೆಯೇ ಇರಬೇಕು. ಅರ್ಜಿ ತುಂಬುವ ಮೊದಲು ಆ ಪುಟದ ಫೋಟೊ ನನಗೊಬ್ಬಳಿಗೇ ಕಳಿಸಿ, ಗುಂಪಿಗೆ ಹಾಕಬೇಡಿ ಎಂದು ಬರೆದೆ.