ಹಳೆ ರೆಕಾರ್ಡ್‌ಗಳ ಲಾಟ್: ಹೇಳ್ತಿರೋ ಬೆಲೆ ಸರಿಯಾ ಅಂತ ತಿಳಿಯೋದು ಹೇಗೆ?

ಪ್ರಶ್ನೆ:
ನಮಸ್ಕಾರ. 40 ಎಲ್‌ಪಿಗಳ ಒಂದು ಲಾಟ್ ಮಾರಾಟಕ್ಕಿದೆ. ಎಲ್ಲವೂ 60ರ ದಶಕದ ಮೊದಲ ಅಚ್ಚು, ಕಂಡೀಷನ್ ಚೆನ್ನಾಗಿದೆ ಅಂತ ಮಾರುವವರ ಮಾತು. ಬೆಲೆಗೆ ಆಧಾರವಾಗಿ ಡಿಸ್ಕಾಗ್ಸ್‌ನಲ್ಲಿ (ರೆಕಾರ್ಡ್ ಮಾಹಿತಿ, ಮಾರಾಟದ ವೆಬ್‌ಸೈಟ್) ಈಗ ಮಾರಾಟಕ್ಕಿಟ್ಟಿರೋ ಪ್ರತಿಗಳನ್ನು ತೋರಿಸ್ತಾರೆ. ನೋಡೋಕೆ ಅರ್ಧ ಗಂಟೆ ಸಿಗುತ್ತೆ. ಏನೇನು ನೋಡಲಿ?

ಉತ್ತರ 1:
ಕೇಳ್ತಿರೋ ಬೆಲೆ ಬಿಡಿ, ಮಾರಿಹೋದ ಬೆಲೆ ನೋಡಿ. ಅದೇ ಪುಟದಲ್ಲಿ ಹಿಂದಿನ ಮಾರಾಟಗಳು ತಾರೀಕು, ಗ್ರೇಡ್ (ಕಂಡೀಷನ್‌ನ ದರ್ಜೆ) ಸಮೇತ ಸಿಗುತ್ತವೆ. ಆದರೆ ಅದು ನಿಮ್ಮ ಕೈಲಿರೋ ಅಚ್ಚಿನದ್ದೇ ಪುಟ ಆಗಿರಬೇಕು. ಕ್ಯಾಟಲಾಗ್ ನಂಬರ್ ಸಾಲದು, ಮರುಮುದ್ರಣಕ್ಕೂ ಅದೇ ನಂಬರ್ ಇರೋದುಂಟು. ಲೇಬಲ್ ಸುತ್ತಲಿನ ನುಣುಪು ಪಟ್ಟಿಯಲ್ಲಿ ಕೊರೆದಿರೋ ಮ್ಯಾಟ್ರಿಕ್ಸ್ ನಂಬರನ್ನು (ಯಾವ ಅಚ್ಚು ಅಂತ ಗುರುತಿಸೋ ನಂಬರ್) ಟಾರ್ಚ್ ಓರೆ ಹಿಡಿದು ಓದಿ, ಎರಡೂ ಬದಿಯದ್ದು. ಕವರ್ ಮೇಲೆ ಬಾರ್‌ಕೋಡ್ ಅಚ್ಚಾಗಿದ್ದರೆ ಅದು 60ರ ದಶಕದ್ದಲ್ಲ, ಮಾತು ಅಲ್ಲಿಗೇ ಮುಗೀತು.

ರೆಕಾರ್ಡ್ ದರ್ಜೆ ಕಟ್ಟೋ ಗೋಲ್ಡ್‌ಮೈನ್ ಲೆಕ್ಕದಲ್ಲಿ ನಿಯರ್ ಮಿಂಟ್ (ಹೆಚ್ಚುಕಮ್ಮಿ ಹೊಸದರಂಥ) ಪ್ರತಿಗೆ ಬೆಲೆ 100 ಅಂದ್ರೆ ಅದರ ಕೆಳಗಿನ ವಿಜಿ ಪ್ಲಸ್‌ಗೆ ಸುಮಾರು 50, ಇನ್ನೂ ಕೆಳಗಿನ ವಿಜಿಗೆ (ವೆರಿ ಗುಡ್) 25. ‘ವೆರಿ ಗುಡ್’ ಅನ್ನೋ ಹೆಸರಿಗೆ ಮರುಳಾಗಬೇಡಿ. ಅದು ಹಾಡಿನ ನಡುವೆ ಚಟಚಟ ಕೇಳಿಸೋ ಪ್ಲೇಟು.

ಉತ್ತರ 2:
ಅರ್ಧ ಗಂಟೇಲಿ 40 ಹಾಡಿಸೋಕಾಗಲ್ಲ. ಲಾಟ್‌ನ ಬೆಲೆ ಹೊರೋದು ಐದಾರು ಪ್ಲೇಟು, ಅವನ್ನೇ ಆರಿಸಿ. ಗೀರಿನ ಮೇಲೆ ಉಗುರನ್ನು ಮೆಲ್ಲಗೆ ಅಡ್ಡ ಹಾಯಿಸಿ. ತಡೆದರೆ ಅದು ಖಂಡಿತ ಕೇಳಿಸುತ್ತೆ, ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ವೇಗದಲ್ಲಿ 1.8 ಸೆಕೆಂಡಿಗೊಂದು ಟಕ್. ಕೂದಲೆಳೆ ಗೀರು ಹೆಚ್ಚಾಗಿ ಕೇಳಿಸಲ್ಲ.

ಮುಳ್ಳನ್ನು ಶುರುವಿನಲ್ಲಿ ಇಡಬೇಡಿ. ಪ್ರತಿ ಬದಿಯ ಕೊನೆ ಹಾಡಿನ ಜೋರು ಭಾಗಕ್ಕೆ ಇಡಿ. ಒಳಸುತ್ತು ಚಿಕ್ಕದು, ಅಷ್ಟೇ ಹೊತ್ತಿನ ಶಬ್ದ ಕಡಿಮೆ ಉದ್ದದಲ್ಲಿ ಅಡಕವಾಗಿರುತ್ತೆ. ಭಾರದ ಮುಳ್ಳು ಸವೆಸಿದ್ದರೆ ದನಿ ಮೊದಲು ಒಡೆಯೋದು ಅಲ್ಲೇ. ಈ ಸವೆತ ಎಷ್ಟೋ ಸಲ ಕಣ್ಣಿಗೆ ಕಾಣಲ್ಲ, ತೊಳೆದರೂ ಹೋಗಲ್ಲ. ಧೂಳು, ಬೆರಳಚ್ಚು ಹೋಗುತ್ತೆ. ಹಾಗಾಗಿ ಮಂಕಾಗಿ, ಕೊಳೆಯಾಗಿದ್ದೂ ಗೀರಿಲ್ಲದ ಪ್ಲೇಟುಗಳನ್ನು ಹುಡುಕಿ. ಮಾರುವವರು ಅಗ್ಗಕ್ಕೆ ಬಿಡೋದು ಅವನ್ನೇ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಜೊತೆಗೆ ನಾಲ್ಕು 78 ಆರ್‌ಪಿಎಂ ಪ್ಲೇಟೂ ಕೊಡ್ತಾರಂತೆ.

ಉತ್ತರ 3:
ಅವು ಶೆಲ್ಯಾಕ್ (ಅರಗಿನಿಂದ ಮಾಡಿದ ಹಳೆ ಪ್ಲೇಟು) ಆಗಿದ್ದರೆ ಆಲ್ಕೋಹಾಲ್ ಇರೋ ದ್ರವ ಮುಟ್ಟಿಸಬೇಡಿ, ಪ್ಲೇಟಿನ ಮೈ ಕರಗುತ್ತೆ. ಎಲ್‌ಪಿ ಮುಳ್ಳಲ್ಲಿ ಹಾಡಿಸಿ ಬೆಲೆ ಕಟ್ಟಲೂಬೇಡಿ. 78ರ ಗ್ರೂವ್ (ಮುಳ್ಳು ಓಡೋ ಗೆರೆ) ಅಗಲ, ಸಣ್ಣ ಮುಳ್ಳು ತಳ ಉಜ್ಜಿ ಒಳ್ಳೆ ಪ್ಲೇಟೂ ಕರಕರ ಅನ್ನುತ್ತೆ. ಅಂಚಿನ ಬಿರುಕು ಹಾಡಿನ ಗೆರೆವರೆಗೂ ಬಂದಿದ್ದರೆ ಆ ಪ್ಲೇಟನ್ನು ಲೆಕ್ಕಕ್ಕೇ ಹಿಡಿಯಬೇಡಿ.