ಜಿಎಫ್‌ಪಿ ಚೆನ್ನಾಗಿ ಹೊಳೆಯುತ್ತಿದೆ, ಜೀನ್ ಮಾತ್ರ ಸುಮ್ಮನಾಗುತ್ತಿಲ್ಲ

ತುಮಕೂರು_ನ್ಯೂರಾನ್:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಒಂದು ಜೀನನ್ನು ಸುಮ್ಮನಾಗಿಸಬೇಕು. ಒಯ್ಯಲು ಎಎವಿ9 ವೈರಸ್, ಅದರೊಳಗೆ ಯು6 ಪ್ರಮೋಟರ್‌ನಿಂದ (ತಯಾರಿಕೆ ಶುರು ಮಾಡಿಸುವ ಸ್ವಿಚ್) ಬರುವ ಎಸ್‌ಎಚ್‌ಆರ್‌ಎನ್‌ಎ (ಜೀನನ್ನು ಸುಮ್ಮನಾಗಿಸುವ ಪುಟ್ಟ ಆರ್‌ಎನ್‌ಎ), ವೈರಸ್ ಹೊಕ್ಕ ಕೋಶಗಳ ಗುರುತಿಗೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನ್. ಇಂಜೆಕ್ಷನ್ ಬೆಂಗಳೂರಿನ ಲ್ಯಾಬ್ ಒಂದರಲ್ಲಿ ಆಗುತ್ತದೆ. ಎಡಗಡೆ ಒಂದೇ ಜಾಗಕ್ಕೆ 500 ನ್ಯಾನೋಲೀಟರ್. ಮೂರು ವಾರ ಬಿಟ್ಟು ಇಡೀ ಹಿಪ್ಪೊಕ್ಯಾಂಪಸ್ ತೆಗೆದು ಊರಿಗೆ ತಂದು ಕ್ಯುಪಿಸಿಆರ್ (ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡುತ್ತೇನೆ. ಇಲಿ ಉಳಿಸೋಣ ಅಂತ, ಅದೇ ಇಲಿಯ ಬಲಗಡೆಯನ್ನೇ ಹೋಲಿಕೆಗೆ ಇಟ್ಟುಕೊಂಡಿದ್ದೇನೆ.

ಇದೇ ಎಸ್‌ಎಚ್‌ಆರ್‌ಎನ್‌ಎ ಲ್ಯಾಬಿನಲ್ಲಿ ಬೆಳೆಸಿದ ನ್ಯೂರೋ-2ಎ ಕೋಶಗಳಲ್ಲಿ ಆ ಜೀನಿನ ಮೆಸೆಂಜರ್ ಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಸಲು ಬೇಕಾದ ಜೀನಿನ ಪ್ರತಿ) 80% ಇಳಿಸಿತ್ತು. ಇಲಿಯಲ್ಲಿ ಬರೀ 24%. ಸಿಟಿ (ಕ್ಯುಪಿಸಿಆರ್ ಕೊಡುವ ಅಳತೆ) ವ್ಯತ್ಯಾಸ 0.4 ಅಷ್ಟೇ. ಹೋದ ತಿಂಗಳು ಒಂದು ರಾತ್ರಿ ಪೂರ್ತಿ ಕರೆಂಟ್ ಹೋಗಿ ವೈರಸ್ ಇಟ್ಟಿದ್ದ -80 ಡಿಗ್ರಿ ಫ್ರೀಜರ್ ಬೆಚ್ಚಗಾಗಿತ್ತು. ವೈರಸ್ ಸತ್ತಿರಬಹುದಾ? ಕಾರಣ ಗೊತ್ತಿಲ್ಲದೆ ಇನ್ನಷ್ಟು ಇಲಿಗಳನ್ನು ಸಾಯಿಸಲು ನನಗೆ ಮನಸ್ಸಿಲ್ಲ.

ನಂದಿ_ತಪ್ಪಲು:
ಹೋಳು ಕತ್ತರಿಸಿ ನೋಡಿದ್ರಾ? ಹಸಿರು ಕಾಣುತ್ತಾ? ಕಾಣದಿದ್ದರೆ ಐದು ಪಟ್ಟು ವೈರಸ್ ಹಾಕಿ ನೋಡಿ.

ತುಮಕೂರು_ನ್ಯೂರಾನ್:
ಒಂದು ಇಲಿಯನ್ನು ಅದಕ್ಕೇ ಇಟ್ಟಿದ್ದೆ. ಹಸಿರು ತುಂಬಾ ಚೆನ್ನಾಗಿದೆ. ಆದರೆ ಸೂಜಿ ಇಳಿದ ಕಡೆ ಮಾತ್ರ. ಕೆಳಗಿನ ತುದಿಯಲ್ಲಿ ಏನೂ ಇಲ್ಲ.

ಕೋಲಾರ_ಪಿಪೆಟ್:
ಹಾಗಾದರೆ ವೈರಸ್ ಸತ್ತಿಲ್ಲ ಮೇಡಂ. ಎಎವಿ ಸಾಕಷ್ಟು ಗಟ್ಟಿ. ಒಂದು ರಾತ್ರಿ ಬೆಚ್ಚಗಾದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಬಲ ಕಮ್ಮಿಯಾಗುತ್ತದೆ, ಅದಕ್ಕೆ ಇನ್ನು ಮುಂದೆ 5 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬ್‌ಗಳಿಗೆ ಹಂಚಿಡಿ.

ತೊಂದರೆ ನೀವು ಅಳೆದ ಜಾಗದಲ್ಲಿದೆ. ನಮ್ಮ ಕಡೆ ಡೇರಿಯಲ್ಲಿ ಪ್ರತಿ ಮನೆಯ ಹಾಲನ್ನೂ ಕ್ಯಾನಿಗೆ ಸುರಿಯುವ ಮುಂಚೆಯೇ ಪರೀಕ್ಷೆ ಮಾಡುತ್ತಾರೆ. ಸುರಿದ ಮೇಲೆ ಯಾರ ಹಾಲು ತೆಳ್ಳಗಿತ್ತು ಅಂತ ಹೇಗೆ ಹೇಳುವುದು? ನೀವು ಇಡೀ ಹಿಪ್ಪೊಕ್ಯಾಂಪಸ್ ಅರೆದಿದ್ದೀರಿ. ಆ ಜೀನಿರುವ ಕೋಶಗಳಲ್ಲಿ 30% ಮಾತ್ರ ವೈರಸ್ ತಗೊಂಡಿವೆ ಅಂದುಕೊಳ್ಳಿ. ಅವುಗಳೊಳಗೆ ಜೀನ್ 80% ಇಳಿದರೂ ಒಟ್ಟಿನಲ್ಲಿ ಕಾಣುವುದು 30ರ 80%, ಅಂದರೆ 24%. ನಿಮ್ಮ ಲೆಕ್ಕವೇ ಬಂತು ನೋಡಿ.

ಇನ್ನೊಂದು, ಬಲಗಡೆಯನ್ನು ಹೋಲಿಕೆಗೆ ಇಡಬೇಡಿ. ಹಿಪ್ಪೊಕ್ಯಾಂಪಸ್‌ನ ಸಿಎ3 ಭಾಗದ ನ್ಯೂರಾನ್‌ಗಳ ಎಳೆಗಳು ಎದುರು ಬದಿಗೂ ಹೋಗುತ್ತವೆ. ಎಎವಿ9 ಆ ಎಳೆಗಳ ತುದಿಯಿಂದ ಒಳಗೆ ಹೊಕ್ಕು ಹಿಂದಕ್ಕೆ, ಕೋಶದ ತನಕ ಹೋಗಬಲ್ಲದು. ಬಲಗಡೆಯೂ ಸ್ವಲ್ಪ ಇಳಿದಿದ್ದರೆ ನಿಮ್ಮ ವ್ಯತ್ಯಾಸ ಇನ್ನೂ ಕುಗ್ಗುತ್ತದೆ. ಸ್ಕ್ರ್ಯಾಂಬಲ್ ವೈರಸ್ (ಯಾವ ಜೀನಿಗೂ ಹೊಂದದ ಎಸ್‌ಎಚ್‌ಆರ್‌ಎನ್‌ಎ ಇರುವುದು) ಹಾಕಿದ ಬೇರೆ ಇಲಿಗಳೇ ಬೇಕು. ಇಲಿ ಉಳಿಸುವ ನಿಮ್ಮ ಮನಸ್ಸು ಒಳ್ಳೆಯದು. ಆದರೆ ಹೋಲಿಕೆ ಸರಿಯಿಲ್ಲದಿದ್ದರೆ ಬಳಸಿದ ಇಲಿಗಳೆಲ್ಲಾ ವ್ಯರ್ಥವಾಗುತ್ತವೆ, ಅಲ್ವಾ?

ಐದು ಪಟ್ಟು ಮಾತ್ರ ಹಾಕಬೇಡಿ. ಎಸ್‌ಎಚ್‌ಆರ್‌ಎನ್‌ಎ ಕೋಶಕೇಂದ್ರದಿಂದ ಹೊರಗೆ ಬರಲು ಎಕ್ಸ್‌ಪೋರ್ಟಿನ್-5 ಅನ್ನುವ ಸಾಗಿಸುವ ಪ್ರೋಟೀನ್ ಬೇಕು. ಜೀನ್‌ಗಳನ್ನು ಹತೋಟಿಯಲ್ಲಿಡುವ ಕೋಶದ ಸ್ವಂತ ಮೈಕ್ರೋ ಆರ್‌ಎನ್‌ಎಗಳಿಗೂ ಅದೇ ದಾರಿ. ಯು6 ಜೋರಾದ ಪ್ರಮೋಟರ್, ದಾರಿ ಕಿಕ್ಕಿರಿದು ಹೋಗುತ್ತದೆ. 2006ರಲ್ಲಿ ಇಲಿಗಳ ಯಕೃತ್ತಿಗೆ ಹೀಗೇ ಜಾಸ್ತಿ ಎಸ್‌ಎಚ್‌ಆರ್‌ಎನ್‌ಎ ಕೊಟ್ಟಾಗ ಎಷ್ಟೋ ಇಲಿಗಳು ಸತ್ತವು. ಮಿದುಳಿನಲ್ಲಿ ನ್ಯೂರಾನ್ ಸತ್ತರೂ ಜೀನ್ ಇಳಿದಂತೆಯೇ ಕಾಣುತ್ತದೆ. ಅದು ತುಂಬಾ ಮೋಸದ ಫಲಿತಾಂಶ. ಈಗಿನ ಡೋಸಿನಲ್ಲೂ ಒಂದು ಹೋಳಿಗೆ ನ್ಯೂಎನ್ ಬಣ್ಣ (ನ್ಯೂರಾನ್‌ಗಳನ್ನು ಗುರುತಿಸುವುದು) ಹಾಕಿ ಕೋಶಗಳು ಉಳಿದಿವೆಯಾ ನೋಡಿ.

ನಂದಿ_ತಪ್ಪಲು:
ಸರಿ ಸರ್, ನನ್ನ ಸಲಹೆ ವಾಪಸ್. ಮಿರ್-30 ಅನ್ನುವ ಮೈಕ್ರೋ ಆರ್‌ಎನ್‌ಎ ಒಳಗೆ ಎಸ್‌ಎಚ್‌ಆರ್‌ಎನ್‌ಎ ಕೂರಿಸಿದ ವಿನ್ಯಾಸ ಬಳಸಿದರೆ ವಿಷದ ಕಾಟ ಕಡಿಮೆ ಅಲ್ವಾ?

ಕೋಲಾರ_ಪಿಪೆಟ್:
ಹೌದು, ಸಾಮಾನ್ಯವಾಗಿ ಕಡಿಮೆ. ಆದರೆ ಮೊದಲು ಕೈಯಲ್ಲಿರುವುದನ್ನು ಸರಿಯಾಗಿ ಅಳೆಯಲಿ. ಮೇಡಂ, ತಾಜಾ ಮಿದುಳನ್ನು ಮಂಜುಗಡ್ಡೆಯ ಮೇಲಿಟ್ಟು 1 ಮಿಲಿಮೀಟರ್ ದಪ್ಪದ ಹೋಳು ಮಾಡಿ. ಫ್ಲೋರೆಸೆನ್ಸ್ ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗೆ ಹಸಿರು ಇರುವಷ್ಟನ್ನೇ ಕತ್ತರಿಸಿ. ಸ್ಕ್ರ್ಯಾಂಬಲ್ ಇಲಿಯಲ್ಲೂ ಹಸಿರು ಜಾಗವನ್ನೇ ತೆಗೆಯಿರಿ.

ತುಮಕೂರು_ನ್ಯೂರಾನ್:
ಆರು ವಾರ ಆದಮೇಲೆ ಬರೆಯುತ್ತಿದ್ದೇನೆ. ಎರಡೂ ಗುಂಪಿನಲ್ಲಿ ನಾಲ್ಕು ನಾಲ್ಕು ಇಲಿ, ಹಸಿರು ಭಾಗ ಮಾತ್ರ. ಮೆಸೆಂಜರ್ ಆರ್‌ಎನ್‌ಎ 61% ಇಳಿದಿದೆ! ನ್ಯೂಎನ್ ಕೂಡ ಚೆನ್ನಾಗಿದೆ. ತುಂಬಾ ಥ್ಯಾಂಕ್ಸ್ ಸರ್, ಆವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ. ಆದರೆ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಅಳೆಯುವ ಪರೀಕ್ಷೆ) ಪ್ರೋಟೀನ್ ಅಷ್ಟಾಗಿ ಇಳಿದಿಲ್ಲ.

ಕೋಲಾರ_ಪಿಪೆಟ್:
ತುಂಬಾ ಖುಷಿಯಾಯಿತು. ಎಸ್‌ಎಚ್‌ಆರ್‌ಎನ್‌ಎ ಹೊಸ ಪ್ರೋಟೀನ್ ಆಗುವುದನ್ನು ತಡೆಯುತ್ತದೆ, ಇರುವುದನ್ನು ಒಡೆಯುವುದಿಲ್ಲ. ನ್ಯೂರಾನ್‌ಗಳು ಸೇರುವ ಸಿನಾಪ್ಸ್‌ನ ಎಷ್ಟೋ ಪ್ರೋಟೀನ್‌ಗಳು ದಿನಗಟ್ಟಲೆ ಬಾಳುತ್ತವೆ. ಎಎವಿ ಪೂರ್ತಿ ಕೆಲಸ ಶುರು ಮಾಡುವುದಕ್ಕೇ ಎರಡು ಮೂರು ವಾರ ಬೇಕು. ಹಳೆಯದು ಖಾಲಿಯಾಗಬೇಕಲ್ಲ. ಮುಂದಿನ ಗುಂಪನ್ನು ಐದು ವಾರ ಬಿಡಿ, ಸ್ಕ್ರ್ಯಾಂಬಲ್ ಇಲಿಗಳನ್ನೂ ಅಷ್ಟೇ ದಿನ. ಅದೇ ಜೀನಿನ ಬೇರೆ ಜಾಗಕ್ಕೆ ಹೊಂದುವ ಎರಡನೇ ಎಸ್‌ಎಚ್‌ಆರ್‌ಎನ್‌ಎಯನ್ನೂ ಈಗಲೇ ಶುರು ಮಾಡಿ. ಎರಡರಲ್ಲೂ ಒಂದೇ ಫಲಿತಾಂಶ ಬಂದರೆ ಬೇರೆ ಜೀನ್ ಮೇಲಿನ ಪರಿಣಾಮ ಅನ್ನುವ ಅನುಮಾನ ಬಹಳ ಮಟ್ಟಿಗೆ ಹೋಗುತ್ತದೆ.

ತುಮಕೂರು_ನ್ಯೂರಾನ್:
ಐದು ವಾರಕ್ಕೆ ಪ್ರಾಣಿ ನೈತಿಕ ಸಮಿತಿಯ ಅನುಮತಿ ತಿದ್ದಿಸಬೇಕು. ಅರ್ಜಿ ಇವತ್ತೇ ಬರೆಯುತ್ತೇನೆ.